ಮಾರಪ್ಪನವರು ಹೋದ ಸುದ್ದಿ

ಆಗಸ್ಟ್ 4, ಸೋಮವಾರ

ಜಗಳೂರಿನ ಪತ್ರಿಕೋದ್ಯಮದ ಇತಿಹಾಸದಲ್ಲಿ ಇಂದು ಮಹತ್ವದ ದಿನ ಎಂದರೆ ಅತಿಶಯೋಕ್ತಿಯಾಗಲಾರದು. ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ ಕುಮಾರಿ ದುರ್ಗಾಂಬಿಕಾ ಅವರು (ಅಂದರೆ ನಾನು) ಕಾಲೇಜಿನ ಗೋಡೆ ಪತ್ರಿಕೆಯ ಪ್ರಧಾನ ವರದಿಗಾರ್ತಿ ಹಾಗೂ ಛಾಯಾಗ್ರಾಹಕಿಯಾಗಿ ಅವಿರೋಧವಾಗಿ ಆಯ್ಕೆಯಾಗಿದ್ದಾರೆ. ಅವಿರೋಧ ಯಾಕೆಂದರೆ ಬೇರೆ ಯಾರೂ ಕೈ ಎತ್ತಲಿಲ್ಲ. ತಿಪ್ಪೇಶ ಎತ್ತಿದ್ದ, ಆದರೆ ಅವನು ನೀರು ಕುಡಿಯೋಕೆ ಹೊರಗೆ ಹೋಗಬೇಕು ಅಂತ ಎತ್ತಿದ್ದು. ಪತ್ರಿಕೋದ್ಯಮ ಪಾಠ ಮಾಡುವ ಶೈಲಾ ಮೇಡಂ ಅವನನ್ನೂ ಬಿಡಲಿಲ್ಲ. ಅಕ್ಷರ ದುಂಡಗಿದೆ ಅಂತ ಬರೆಯುವ ಕೆಲಸಕ್ಕೆ ಹಾಕಿಕೊಂಡರು.

ಪತ್ರಿಕೆ ಅಂದರೆ ನಾಲ್ಕು ಚಾರ್ಟ್ ಹಾಳೆ. ಕೈಯಲ್ಲಿ ಬರೆದು, ಫೋಟೋ ಅಂಟಿಸಿ, ಆಫೀಸಿನ ಪಕ್ಕದ ಗಾಜಿನ ಬೋರ್ಡಿನಲ್ಲಿ ಹಾಕೋದು. ಹೆಸರು ‘ಕೊಂಡುಕುರಿ’. ರಂಗಯ್ಯನದುರ್ಗದ ಕಾಡಿನಲ್ಲಿ ಇರುತ್ತಲ್ಲ, ನಾಲ್ಕು ಕೊಂಬಿನ ಪ್ರಾಣಿ, ಅದು. ಮೇಡಂ ಇಟ್ಟ ಹೆಸರು. ನಾನು ‘ಜಗಳೂರು ಜ್ವಾಲಾಮುಖಿ’ ಅಂತ ಸೂಚಿಸಿದ್ದೆ. ಒಪ್ಪಲಿಲ್ಲ.

ಅವ್ವನಿಗೆ ಹೇಳಿದೆ. ಹೊಲಿಗೆ ಮೆಷಿನ್ ನಿಲ್ಲಿಸದೇ ಕೇಳಿದಳು: “ಪ್ರಧಾನ ವರದಿಗಾರ್ತಿ ಆದೋರು ಪಾತ್ರೆ ತೊಳೀಬಾರದು ಅಂತ ಏನಾರ ಐತೇನು?”

ಇಲ್ಲ ಅಂದೆ.

“ಹಂಗಾದ್ರೆ ತೊಳಿ.”

— ವರದಿ: ದುರ್ಗಾಂಬಿಕಾ, ಜಗಳೂರು


ಆಗಸ್ಟ್ 7, ಗುರುವಾರ

ಕ್ಯಾಮೆರಾ ಬಂತು! ದೊಡ್ಡಪ್ಪನ ಮಗ ನಿಂಗರಾಜಣ್ಣ ಮದುವೆ ಫೋಟೋ ತೆಗೆಯೋನು. ಅವನ ಹಳೇ ಕ್ಯಾಮೆರಾ. ಬ್ಯಾಟರಿ ಇಪ್ಪತ್ತು ನಿಮಿಷ ಬರುತ್ತೆ, ಆಮೇಲೆ ಸಾಯುತ್ತೆ, ಸ್ವಲ್ಪ ಹೊತ್ತು ಕಂಕುಳಲ್ಲಿ ಇಟ್ಟುಕೊಂಡರೆ ಇನ್ನೆರಡು ಫೋಟೋಕ್ಕೆ ಜೀವ ಬರುತ್ತೆ.

ನಿಂಗರಾಜಣ್ಣನ ಪಾಠ ಮೂರೇ ಮಾತು. “ತಲೆ ಐತಾ ನೋಡು. ಕಾಲು ಐತಾ ನೋಡು. ಮುಚ್ಚಳ ತೆಗೆದೀಯಾ ನೋಡು.”

ನಾನು ಹದಿನೆಂಟು ಫೋಟೋ ತೆಗೆದೆ. ಎಲ್ಲವೂ ಕಲಾತ್ಮಕವಾಗಿ ಕಪ್ಪಗೆ ಬಂದವು. ಮೂರನೇ ಮಾತು ಮರೆತಿದ್ದೆ.

— ವರದಿ ಮತ್ತು ಚಿತ್ರ: ದುರ್ಗಾಂಬಿಕಾ, ಜಗಳೂರು


ಆಗಸ್ಟ್ 10, ಭಾನುವಾರ

ಪತ್ರಿಕೆಯ ತಲೆಬರಹದ ಪಕ್ಕ ಕೊಂಡುಕುರಿ ಫೋಟೋ ಬೇಕು. ತಿಪ್ಪೇಶನ ಬೈಕಿನಲ್ಲಿ ಕಾಡಿನ ಅಂಚಿಗೆ ಹೋದೆವು. ನಾಲ್ಕು ಗಂಟೆ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕೂತೆವು. ಕಂಡದ್ದು: ಎರಡು ನವಿಲು, ಒಬ್ಬ ಫಾರೆಸ್ಟ್ ಗಾರ್ಡು. ಗಾರ್ಡು ನಮ್ಮನ್ನು ಪೊದೆಯಿಂದ ಎಬ್ಬಿಸಿ, “ಯಾರು ನೀವು, ಮನೆಯಾಗೆ ಗೊತ್ತೈತಾ?” ಅಂತ ವಿಚಾರಿಸಿದರು. ನಾನು ಪ್ರೆಸ್ ಅಂದೆ. ಗುರುತಿನ ಚೀಟಿ ಕೇಳಿದರು. ಲೈಬ್ರರಿ ಕಾರ್ಡ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, “ಇದ್ರಾಗೆ ಒಂದು ಪುಸ್ತಕ ವಾಪಸ್ ಕೊಟ್ಟಿಲ್ಲ ಅಂತ ಐತೆ” ಅಂದರು.

ವಾಪಸ್ ಬರುವಾಗ ನಮ್ಮ ಬೀದಿಯಲ್ಲಿ ಭೀಮಕ್ಕನ ಆಡು ಕಟ್ಟೆ ಮೇಲೆ ನಿಂತಿತ್ತು. ಒಳ್ಳೇ ಬೆಳಕು. ತೆಗೆದೆ. ಮಿಕ್ಕ ಎರಡು ಕೊಂಬನ್ನು ತಿಪ್ಪೇಶ ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ. ಓದುಗರಿಗೆ ಗೊತ್ತಾಗಲ್ಲ.

— ವರದಿ ಮತ್ತು ಚಿತ್ರ: ದುರ್ಗಾಂಬಿಕಾ, ಜಗಳೂರು


ಆಗಸ್ಟ್ 14, ಗುರುವಾರ

ಗೊತ್ತಾಯಿತು.

ಮೊದಲ ಸಂಚಿಕೆ ಹಾಕಿ ಎರಡು ದಿನ ಆಗಿರಲಿಲ್ಲ, ತಿಪ್ಪೇಶ ಅದರ ಫೋಟೋ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ಬೆಳಿಗ್ಗೆ ಭೀಮಕ್ಕ ಮನೆ ಮುಂದೆ ಬಂದು ನಿಂತಳು. “ನಮ್ಮ ಆಡಿಗೆ ಎರಡು ಕೊಂಬು ಜಾಸ್ತಿ ಯಾಕೆ ಹಚ್ಚಿದಿ? ನಾಳೆ ಸಂತೆಯಾಗೆ ಮಾರಾಕೆ ಹೋದ್ರೆ, ಇನ್ನೆರಡು ಎಲ್ಲಿ ಅಂತ ಕೇಳಲ್ವಾ?”

ಸೃಜನಶೀಲ ಸ್ವಾತಂತ್ರ್ಯ ಅಂದೆ. ಅವಳು ಅವ್ವನನ್ನು ಕರೆದಳು.

ಶೈಲಾ ಮೇಡಂ ಬೈಯಲಿಲ್ಲ. “ಇದು ಆಡು ಅಂತ ಬರೀಬೋದಿತ್ತಲ್ಲ ದುರ್ಗಾ. ಆಡೂ ಸುದ್ದೀನೇ” ಅಂದರು. ಏನೋ ದೊಡ್ಡ ಮಾತು ಹೇಳಿದ ಹಾಗೆ ಅನ್ನಿಸಿತು, ಆದರೆ ಮುಂದಿನ ಸಂಚಿಕೆಗೆ ದೊಡ್ಡ ಸುದ್ದಿಯೇ ಬೇಕು. ಜನ ಬೋರ್ಡಿನ ಮುಂದೆ ನಿಂತು ಬಾಯಿ ಬಿಟ್ಟು ಓದಬೇಕು, ಕೆಳಗೆ ನನ್ನ ಹೆಸರು ದಪ್ಪಕ್ಷರದಲ್ಲಿ.

— ವರದಿ, ಚಿತ್ರ ಮತ್ತು ಮನನೊಂದವರು: ದುರ್ಗಾಂಬಿಕಾ, ಜಗಳೂರು


ಆಗಸ್ಟ್ 20, ಬುಧವಾರ

ಸಿಕ್ಕಿತು. ಸಂತೋಷ ಪಡಬಾರದು, ಗೊತ್ತು. ಆದರೂ ಸಿಕ್ಕಿತು.

ಬೆಳಿಗ್ಗೆ ಕಾಲೇಜು ಗೇಟಿನ ಹತ್ತಿರ ಕಲ್ಲಮ್ಮನ ಟೀ ಅಂಗಡಿಗೆ ಹೋದೆ. ಅಲ್ಲಿ ದಿನಾ ಬೆಂಚಿನ ಎಡತುದಿಯಲ್ಲಿ ಕೂರುವ ಮಾರಪ್ಪ ಇರಲಿಲ್ಲ. ಮಾರಪ್ಪ ಅಂದರೆ ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನರು. ರಿಟೈರಾಗಿ ನಾಲ್ಕು ವರ್ಷ. ನಾನು ಸೇರೋ ಹೊತ್ತಿಗೆ ಕರೆಂಟಿನ ಬೆಲ್ಲು ಬಂದಿತ್ತು. ಆದರೂ ಅವರು ದಿನಾ ಬಂದು ಟೀ ಕುಡಿದು ಹೋಗೋರು.

“ಮಾರಪ್ಪ ಎಲ್ರೀ ಕಲ್ಲಮ್ಮಾರೇ?” ಅಂದೆ.

ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮಾರಪ್ಪನೋರು ಹೋದ್ರು ಕಣವ್ವ. ನಿನ್ನೆ ಬೆಳಿಗ್ಗೆ. ಮಗಳು ಬಂದಿದ್ಲು. ನಾನಂತೂ ಅತ್ತುಬಿಟ್ಟೆ.”

ಅಷ್ಟರಲ್ಲಿ ಹಾಲು ಉಕ್ಕಿತು. ಅವರು ಒಲೆ ಕಡೆ ಓಡಿದರು. ನಾನು ಕಾಲೇಜಿನ ಕಡೆ ಓಡಿದೆ.

ಒಂದೂವರೆ ಗಂಟೆಯಲ್ಲಿ ಬರೆದೆ. ‘ಗಂಟೆ ನಿಂತಿತು!’ ಅಂತ ತಲೆಬರಹ. ‘ಕಾಲೇಜಿನ ಹಿರಿಯ ಜೀವ, ಮಿತಭಾಷಿ ಮಾರಪ್ಪನವರು ಮಂಗಳವಾರ ಬೆಳಿಗ್ಗೆ ವಿಧಿವಶರಾದರು. ಹೊನ್ನಾಳಿ ಮೂಲದ ಅವರು ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದ್ದರು. ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಇಪ್ಪತ್ತೆರಡು ಅನ್ನೋದು ಅಂದಾಜು. ಹೊನ್ನಾಳಿಯೂ ಅಂದಾಜು, ಒಂದು ಸಲ ಹೊನ್ನಾಳಿ ಬಸ್ಸಿನ ಬಗ್ಗೆ ಯಾರನ್ನೋ ಕೇಳುತ್ತಿದ್ದರು. ಫೋಟೋಕ್ಕೆ ಹಳೇ ಕಾಲೇಜು ಡೇ ಗ್ರೂಪ್ ಫೋಟೋ ಸಿಕ್ಕಿತು. ಯಾರದೋ ತಲೆ ಅಡ್ಡ ಬಂದು ಒಂದು ಕಣ್ಣು, ಒಂದು ಕಿವಿ ಮಾತ್ರ ಕಾಣುತ್ತೆ. ದೊಡ್ಡದು ಮಾಡಿ ಅಂಟಿಸಿದೆವು.

ಶೈಲಾ ಮೇಡಂ ಚನ್ನಗಿರಿಗೆ ಯಾವುದೋ ಮೀಟಿಂಗಿಗೆ ಹೋಗಿದ್ದರು. ಕಾಯೋಕಾಗುತ್ತಾ? ಬ್ರೇಕಿಂಗ್ ನ್ಯೂಸು.

— ವಿಶೇಷ ವರದಿ: ದುರ್ಗಾಂಬಿಕಾ, ಜಗಳೂರು


ಆಗಸ್ಟ್ 21, ಗುರುವಾರ

ಇಂದು ನನ್ನ ಲೇಖನಿಯ ಶಕ್ತಿ ನಾನೇ ಕಂಡೆ.

ಪ್ರಿನ್ಸಿಪಾಲ್ ಮುರುಗೇಶಪ್ಪ ಸಾರ್ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹನ್ನೆರಡು ಗಂಟೆಗೆ ಸಂತಾಪ ಸಭೆ. ಐನೂರು ಜನ ಬಿಸಿಲಲ್ಲಿ ನಿಂತಿದ್ದೆವು. ಸಾರ್ ಮಾತಾಡಿದರು. “ಮಾರಪ್ಪ ನನಗೆ ನೌಕರ ಅಲ್ಲ, ಅಣ್ಣ ಇದ್ದಂಗೆ. ಮೊನ್ನೆ ತಾನೇ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ. ನನ್ನ ಕೈ ಹಿಡಿದು, ‘ಸಾರ್, ಕಾಲೇಜು ಹುಷಾರು’ ಅಂದ್ರು. ಅದೇ ಕೊನೇ ಮಾತು.”

ಹುಡುಗಿಯರು ಮೂಗೊರೆಸಿಕೊಂಡರು. ಎರಡು ನಿಮಿಷ ಮೌನ. ಆಮೇಲೆ ಅರ್ಧ ದಿನ ರಜೆ ಘೋಷಣೆ. ಮೌನ ಅಲ್ಲಿಗೆ ಮುಗಿಯಿತು. ಬಸ್ ಸ್ಟ್ಯಾಂಡಿಗೆ ಓಡುವಾಗ ಯಾರು ಯಾರೋ ನನ್ನ ಬೆನ್ನು ತಟ್ಟಿದರು. “ಸೂಪರ್ ದುರ್ಗಾ, ಮುಂದಿನ ವಾರನೂ ಒಂದು ಹಾಕು.”

ತಿಪ್ಪೇಶ ಸ್ಟೇಟಸ್ ಹಾಕಿದ. ನೂರಾ ಎಂಬತ್ತು ಜನ ನೋಡಿದ್ದಾರೆ.

— ನಾಡಿನ ಗಮನ ಸೆಳೆದ ವರದಿ: ದುರ್ಗಾಂಬಿಕಾ


ಆಗಸ್ಟ್ 22, ಶುಕ್ರವಾರ

ಮಾರಪ್ಪ ಫೋನ್ ಮಾಡಿದ್ದರು.


ಆಗಸ್ಟ್ 23, ಶನಿವಾರ

ನಿನ್ನೆ ಬರೆಯೋಕೆ ಕೈ ಬರಲಿಲ್ಲ.

ಫೋನ್ ಮಾಡಿದ್ದು ಕಾಲೇಜು ಆಫೀಸಿಗೆ. ಕ್ಲರ್ಕ್ ಎತ್ತಿದರು. “ನಾನು ಮಾರಪ್ಪ” ಅಂತ ಕೇಳಿಸಿತು, ಕ್ಲರ್ಕ್ ರಿಸೀವರ್ ಬಿಸಾಕಿ ಹೊರಗೆ ಬಂದರು. ಆಮೇಲೆ ಪ್ರಿನ್ಸಿಪಾಲ್ ಸಾರ್ ಎತ್ತಿದರು. ಏನು ಮಾತಾಡಿದರೋ, ಬಾಗಿಲ ಸಂದಿಯಿಂದ ಸಾರ್ ಮುಖ ಮಾತ್ರ ಕಂಡಿತು, ಸುಣ್ಣ ಬಳಿದ ಗೋಡೆ ಹಾಗೆ ಆಗಿತ್ತು.

ಮಾರಪ್ಪ ಹೋಗಿದ್ದು ನ್ಯಾಮತಿಗೆ. ಮಗಳ ಮನೆಗೆ. ಅಲ್ಲೇ ಇರೋಕೆ. ಮಂಗಳವಾರ ಬೆಳಿಗ್ಗೆ ಬಸ್ಸಿಗೆ.

ಕಲ್ಲಮ್ಮನ ಹತ್ತಿರ ಓಡಿದೆ. “ಹೋದ್ರು ಅಂದ್ರಲ್ಲ ನೀವು!”

“ಹೋದ್ರು ಅಂದೆ. ಎಲ್ಲಿಗೆ ಅಂತ ನೀನು ಕೇಳಿದೇನು? ಹಾಲು ಇಳಿಸಿ ತಿರುಗಿ ನೋಡಿದ್ರೆ ನೀನೇ ಇಲ್ಲ.”

ಇವತ್ತು ಸಾರ್ ಕರೆಸಿದರು. ನಾನು, ತಿಪ್ಪೇಶ, ಶೈಲಾ ಮೇಡಂ. ಪತ್ರಿಕೆ ಬಂದ್. ಗುರುವಾರದ ಅರ್ಧ ದಿನ ರಜೆಗೆ ಬದಲಾಗಿ ಮುಂದಿನ ಶನಿವಾರ ಮಧ್ಯಾಹ್ನವೂ ಕ್ಲಾಸು. ಮಾರಪ್ಪನವರಿಂದ ‘ನಾನು ಬದುಕಿದ್ದೇನೆ, ಕಾಲೇಜಿನ ಮೇಲೆ ದೂರಿಲ್ಲ’ ಅಂತ ಸಹಿ ಹಾಕಿಸಿ ತಂದರೆ ಮಾತ್ರ ಪತ್ರಿಕೆ ವಿಷಯ ಮುಂದೆ ಯೋಚನೆ. ಎಲ್ಲ ಹೇಳಿ, ನಾವು ಬಾಗಿಲಿಗೆ ಬಂದ ಮೇಲೆ ಸಣ್ಣ ದನಿಯಲ್ಲಿ, “ಆ ಆಸ್ಪತ್ರೆ ವಿಷಯ ಅಲ್ಲಿ ಎತ್ತಬೇಡ ಕಣಮ್ಮ” ಅಂದರು.

ಮೇಡಂ ಕಾರಿಡಾರಿನಲ್ಲಿ ಹೇಳಿದ್ದು ಒಂದೇ ಮಾತು. “ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.”

ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಯಮನ ವರದಿಗಾರ್ತಿ ಅಂತಿದ್ದಾರೆ. ಶನಿವಾರದ ಕ್ಲಾಸಿನ ಸಿಟ್ಟು. ಮೊನ್ನೆ ಬೆನ್ನು ತಟ್ಟಿದವರೇ.

ಅವ್ವ ಊಟಕ್ಕೆ ಕರೆದಳು. ಬೇಡ ಅಂದೆ. ಎರಡನೇ ಸಲ ಕರೆದಾಗ ಹೋದೆ. ಮುದ್ದೆ, ಹುರುಳಿಕಾಳು ಸಾರು. ಅಳುತ್ತಾ ಎರಡು ಮುದ್ದೆ ಉಂಡೆ.


ಆಗಸ್ಟ್ 24, ಭಾನುವಾರ

ನ್ಯಾಮತಿಗೆ ಹೋಗಿ ಬಂದೆ. ಮೈಕೈ ನೋಯುತ್ತಿದೆ, ಆದರೂ ಬರೆದಿಡಬೇಕು.

ಸತ್ತಿಲ್ಲದವರ ಮನೆಗೆ ಏನು ತಗೊಂಡು ಹೋಗೋದು ಅಂತ ಅವ್ವನನ್ನು ಕೇಳಿದೆ. “ಬಾಳೆಹಣ್ಣು ತಗಾ. ಊದಿನಕಡ್ಡಿ ಮಾತ್ರ ಬ್ಯಾಡ” ಅಂದಳು.

ಜಗಳೂರಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ. ಮೂರು ಬಸ್ಸು. ಸರ್ಕಾರಿ ಬಸ್ಸಿನಲ್ಲಿ ನನಗೆ ಆಧಾರ್ ತೋರಿಸಿದರೆ ಆಯಿತು, ತಿಪ್ಪೇಶನಿಗೆ ಟಿಕೆಟ್. ಪ್ರತಿ ಬಸ್ಸಿನಲ್ಲೂ ಅವನು, “ತಪ್ಪು ನಿಂದು, ಟಿಕೆಟ್ ನಂದು” ಅಂತ ಗೊಣಗಿದ. ಸ್ಟೇಟಸ್ ಹಾಕಿದ್ದು ಯಾರು ಅಂದೆ. ಹೊನ್ನಾಳಿ ಸೇತುವೆ ಬರೋವರೆಗೂ ಕಿಟಕಿಯಾಚೆ ಮೈಲಿಗಲ್ಲು ಎಣಿಸುತ್ತಾ ಕೂತ.

ನ್ಯಾಮತಿಯಲ್ಲಿ ಇಳಿದು ಒಂದು ಗೊಬ್ಬರದ ಅಂಗಡಿಯಲ್ಲಿ ವಿಳಾಸ ಕೇಳಿದೆ. “ಮೊನ್ನೆ ತೀರಿಕೊಂಡ ಮಾರಪ್ಪನೋರ ಮನೆನಾ? ಸೀದಾ ಹೋಗ್ರಿ. ಹಾರ ಹಾಕಿರೋ ಬೈಕ್ ನಿಂತಿರ್ತೈತೆ, ಅದೇ ಮನೆ. ಅವರೇ ಬಾಗಿಲಾಗೆ ಕೂತಿರ್ತಾರೆ.”

ಬೈಕ್ ನಿಂತಿತ್ತು. ಹ್ಯಾಂಡಲ್‌ಗೆ ಬಾಡಿದ ದೊಡ್ಡ ಸುಗಂಧರಾಜದ ಹಾರ. ಆಮೇಲೆ ಗೊತ್ತಾಯಿತು: ತಿಪ್ಪೇಶನ ಸ್ಟೇಟಸ್ ಅವನ ಮಾವನಿಗೆ ಹೋಗಿ, ಅಲ್ಲಿಂದ ಯಾರಿಗೋ ಹೋಗಿ, ಕೊನೆಗೆ ಕತ್ತಲಗೆರೆಯ ಮಾರಪ್ಪನ ತಮ್ಮಂದಿರಿಗೆ ಮುಟ್ಟಿದೆ. ಹದಿನಾಲ್ಕು ಜನ ಗಾಡಿ ಮಾಡಿಕೊಂಡು ಅತ್ತುಕೊಂಡು ಬಂದಿದ್ದಾರೆ. ಬಾಗಿಲು ತೆಗೆದದ್ದು ಮಾರಪ್ಪನೇ. ಮಗಳು ಸುಚಿತ್ರಕ್ಕ ಹದಿನಾಲ್ಕು ಜನಕ್ಕೂ ಉಪ್ಪಿಟ್ಟು ಮಾಡಿ ಹಾಕಿದ್ದಾರೆ. ಹಾರ ದೇವರಿಗೆ ಹಾಕೋ ಹಾಗಿಲ್ಲ, ಬಿಸಾಡೋಕೆ ಮನಸ್ಸಿಲ್ಲ, ಅಳಿಯ ತನ್ನ ಬೈಕಿಗೆ ಹಾಕಿಕೊಂಡಿದ್ದಾರೆ.

ಮಾರಪ್ಪ ಬಾಗಿಲಲ್ಲಿ ಕೂತಿದ್ದರು. ನಾನು ಕಾಲಿಗೆ ಬಿದ್ದೆ. ತಿಪ್ಪೇಶನೂ ಬಿದ್ದ, ಬಾಳೆಹಣ್ಣಿನ ಮೇಲೆ.

“ಏಳ್ರಿ, ಏಳ್ರಿ. ಬರೆದೋಳು ನೀನೇನಮ್ಮ? ಕೂತ್ಕೋ.” ಜೇಬಿನಿಂದ ಮಡಚಿದ ಹಾಳೆ ತೆಗೆದರು. ನನ್ನ ವರದಿಯ ಪ್ರಿಂಟು. ಹಾಳೆ ತುಂಬ ಕೆಂಪು ಶಾಯಿಯ ಗೆರೆ. “ಇಪ್ಪತ್ತೆರಡು ವರ್ಷ ಅಂತ ಯಾರು ಹೇಳಿದ್ರು? ಮೂವತ್ತೊಂದು ವರ್ಷ ಮೂರು ತಿಂಗಳು. ಹೊನ್ನಾಳಿ ಅಂತೆ! ನಾನು ಕತ್ತಲಗೆರೆಯೋನು. ಮಿತಭಾಷಿ ಅಂತ ಹೆಂಗೆ ಬರೆದಿ?”

ಒಳಗಿಂದ ಸುಚಿತ್ರಕ್ಕ ಕೂಗಿದರು. “ಅದೊಂದು ಓದಿ ನಮ್ಮ ಓಣಿಯೋರೆಲ್ಲ ನಕ್ಕಾರೆ.”

“ಈ ಫೋಟೋ ನೋಡು. ಒಂದು ಕಣ್ಣು, ಒಂದು ಕಿವಿ. ಗಂಟೆ ಹೊಡೆದ ಕೈ ಎಲ್ಲೈತಿ? ಒಟ್ಟು ಹನ್ನೊಂದು ತಪ್ಪು.”

“ಸತ್ತಿದ್ದೂ ಸೇರಿಸಿ?” ಅಂತ ತಿಪ್ಪೇಶ ಕೇಳಿದ.

ಮಾರಪ್ಪ ಯೋಚನೆ ಮಾಡಿದರು. “ಅದು ಬಿಟ್ಟು. ಸೇರಿಸಿದ್ರೆ ಹನ್ನೆರಡು.”

ಪ್ರಿನ್ಸಿಪಾಲ್ ಸಾರ್ ಕೇಳಿದ ಕಾಗದದ ವಿಷಯ ಹೇಳಿದೆ. “ಬದುಕಿದೀನಿ ಅಂತ ಪಿಂಚಣಿಗೆ ನವೆಂಬರಿನಾಗೆ ಬರೆದು ಕೊಡ್ತೀನಲ್ಲ, ಆಗ ಒಂದು ಜೆರಾಕ್ಸ್ ಕಳಿಸ್ತೀನಿ ಅಂತ ಹೇಳು” ಅಂದರು. ನನ್ನ ಮುಖ ನೋಡಿ ನಕ್ಕು, ಸಹಿ ಹಾಕಿಯೇ ಕೊಟ್ಟರು. ಆದರೆ ಒಂದು ಷರತ್ತು. “ಇದನ್ನ ಸರಿಯಾಗಿ ಬರಿ. ಪೂರ್ತಿ. ನಾನು ಕೂತಿರುವಾಗ್ಲೇ ಕೇಳಿ ಬರಿ. ಆಮೇಲೆ ಬಂದ್ರೆ ತಿದ್ದೋರು ಯಾರು?”

ಫೋಟೋ ತೆಗೆಯೋಣ ಅಂದೆ. ಎದ್ದು ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಕ್ಯಾಮೆರಾ ಎತ್ತಿದ ಕೂಡಲೇ ಉಸಿರು ಬಿಗಿ ಹಿಡಿದು, ಕಣ್ಣು ದೊಡ್ಡದು ಮಾಡಿ ಕಂಬದ ಹಾಗೆ ನಿಂತರು. ಮಾತಾಡಿ ಅಂದೆ, ತುಟಿ ಅಲ್ಲಾಡಿಸದೇ “ಏನು ಮಾತಾಡ್ಲಿ” ಅಂದರು. ಅರವತ್ತು ಫೋಟೋ ತೆಗೆದೆ, ಕ್ಯಾಮೆರಾ ಎರಡು ಸಲ ಕಂಕುಳಿಗೆ ಹೋಗಿ ಬಂತು. ಅರವತ್ತೂ ಆಧಾರ್ ಕಾರ್ಡು.


ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕಡುಬು.

ಅವ್ವ, “ಭೀಮಕ್ಕ ಬಂದಿದ್ಲು” ಅಂದಳು. ಎಷ್ಟೊತ್ತಿಗೆ, ಯಾಕೆ, ಒಬ್ಬಳೇನಾ, ಎಷ್ಟು ಹೊತ್ತು ಇದ್ದಳು, ಹೋಗುವಾಗ ಏನಂದಳು ಅಂತ ಕೇಳಿದೆ. ಅವ್ವ ಕಡುಬು ಕರಿಯೋದು ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಸಂಜೆ ಭೀಮಕ್ಕನ ಮನೆಗೆ ನಾನೇ ಹೋದೆ. ಅವಳ ಆಡಿನ ಫೋಟೋ, ಎರಡೇ ಕೊಂಬಿಂದು, ದೊಡ್ಡದು ಮಾಡಿಸಿ ಕೊಟ್ಟೆ. ಅದರ ಹೆಸರು ಗೌರಿ ಅಂತೆ. ಮೂರು ವರ್ಷ. ಕಟ್ಟೆ ಮೇಲೆ ನಿಲ್ಲೋದು ಬೀದಿಗೆ ಯಾರು ಬಂದರು ಅಂತ ನೋಡೋಕಂತೆ.


ಆಗಸ್ಟ್ 31, ಭಾನುವಾರ

ಈ ಸಲ ಒಬ್ಬಳೇ ಹೋದೆ. ಮಾರಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡೇ ಕಾಯುತ್ತಿದ್ದರು. ನಾನು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಸುಚಿತ್ರಕ್ಕ ಶೇಂಗಾ ಸುಲಿಯುತ್ತಿದ್ದರು, ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಮಾರಪ್ಪನವರೂ ಅಂಗಿ ಬಿಚ್ಚಿಟ್ಟು ಬನಿಯನ್ನಲ್ಲಿ ಬಂದು ಕೂತರು.

ಏನೇನು ಹೇಳಿದರು! ಕಾಲೇಜು ಶುರುವಾದಾಗ ಗಂಟೆ ಅಂದರೆ ಬೇವಿನ ಮರಕ್ಕೆ ನೇತು ಹಾಕಿದ ರೈಲು ಕಂಬಿಯ ತುಂಡು. ಒಂದೊಂದು ಪೀರಿಯಡ್ಡಿಗೆ ಒಂದೊಂದು ಥರ ಹೊಡೆಯೋರಂತೆ. ಊಟದ ಗಂಟೆಗೆ ಕೊನೇ ಏಟು ಸ್ವಲ್ಪ ಮೆತ್ತಗೆ. “ಹಸಿದೋರಿಗೆ ಜೋರಾಗಿ ಹೊಡೀಬಾರದು.” ಗಂಟೆಯ ಸದ್ದಿಗೆ ಸುತ್ತಲಿನ ಹೊಲದವರು ಎತ್ತು ಬಿಚ್ಚೋರಂತೆ. ಒಂದು ಸಲ ಜ್ವರ ಬಂದು ರಜೆ ಹಾಕಿದಾಗ ಬೇರೆಯವರು ಹೊಡೆದರು. ಐದು ಜನ ರೈತರು ಮನೆಗೆ ಬಂದು, “ಇವತ್ತು ಯಾರಪ್ಪ ಅದು, ನಮ್ಮ ಎತ್ತು ನಂಬಲಿಲ್ಲ” ಅಂದರಂತೆ. ಇದು ನಿಜವಾ ಅಂತ ಮೂರು ಸಲ ಕೇಳಿದೆ. ಒಬ್ಬ ರೈತರ ಹೆಸರು ಹೇಳಿದರು. ಬರೆದುಕೊಂಡೆ, ವಿಚಾರಿಸಬೇಕು.

“ಜಗಳೂರು ಬಿಟ್ಟು ಬರೋ ದಿನ ಬಸ್ ಸ್ಟ್ಯಾಂಡಿಗೆ ಯಾರ‍್ಯಾರು ಬಂದಿದ್ರು?” ಅಂತ ಕೇಳಿದೆ.

“ಕಲ್ಲಮ್ಮ. ಅಷ್ಟೇ.” ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. “ಬಸ್ಸಿಗೆ ಹೋದ್ರೆ ಒಬ್ಬಳು. ಸತ್ತೆ ಅಂದ್ರೆ ಹದಿನಾಲ್ಕು ಜನ, ಅರ್ಧ ದಿನ ರಜೆ. ಪ್ರಿನ್ಸಿಪಾಲ್ರು ಆಸ್ಪತ್ರೆಗೆ ಬೇರೆ ಬಂದಿದ್ರಂತೆ, ಹೌದಾ? ಯಾವ ಆಸ್ಪತ್ರೆ?”

ನಾನು ಗೊತ್ತಿಲ್ಲ ಅಂದೆ. ಅದು ನಿಜವೇ. ಇಬ್ಬರೂ ಕೆಮ್ಮು ಬರೋವರೆಗೂ ನಕ್ಕೆವು.

ನಾನು ಅವರನ್ನು ಒಂದು ವರ್ಷದಿಂದ ದಿನಾ ನೋಡಿದ್ದೇನೆ. ಅದೇ ಬೆಂಚು. ಪಕ್ಕದಲ್ಲೇ ನಿಂತು ಟೀ ಕುಡಿದಿದ್ದೇನೆ.

ಮಾತಾಡ್ತಾ ಮಾತಾಡ್ತಾ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು. ಬಲಗೈ ತಾನೇ ಮೊಣಕಾಲಿನಿಂದ ಮೇಲೆದ್ದಿತು. ಗೋಡೆ ಗಡಿಯಾರ ನೋಡಿದೆ: ನಾಲ್ಕೂವರೆ. ಕಾಲೇಜು ಬಿಡೋ ಗಂಟೆ. “ನಾಲ್ಕು ವರ್ಷ ಆತು, ಇದಕ್ಕಿನ್ನೂ ತಿಳಿದಿಲ್ಲ ನೋಡು” ಅಂತ ತಮ್ಮ ಕೈಯನ್ನೇ ನೋಡಿ ನಕ್ಕರು. ಕ್ಯಾಮೆರಾ ಯಾವಾಗ ತೆಗೆದೆ, ಮುಚ್ಚಳ ಯಾವಾಗ ಬಿಚ್ಚಿದೆ ಗೊತ್ತಿಲ್ಲ. ಒಂದು ಫೋಟೋ ತೆಗೆದೆ. ಬ್ಯಾಟರಿ ಸತ್ತಿತು. ಕಂಕುಳಲ್ಲಿಟ್ಟು ಜೀವ ಬರಿಸಿ ಅವರಿಗೆ ತೋರಿಸಿ, “ಇದನ್ನ ಹಾಕಬೋದಾ?” ಅಂತ ಕೇಳಿದೆ.

“ಬನಿಯನ್ನಾಗಿದೀನಲ್ಲೇ!” ಅಂದರು. ಆಮೇಲೆ ಬಹಳ ಹೊತ್ತು ನೋಡಿದರು. “ಕೈ ಚೆನ್ನಾಗಿ ಬಂದೈತೆ. ಹಾಕು.”

ಹೊರಡೋ ಮುಂಚೆ, ಸುಚಿತ್ರಕ್ಕ ಕಾಫಿಗೆ ಒಳಗೆ ಹೋದಾಗ, ಇನ್ನೊಂದು ವಿಷಯ ಹೇಳಿದರು. ಗಂಟೆಗೂ ಪರೀಕ್ಷೆಗೂ ಸಂಬಂಧಪಟ್ಟಿದ್ದು. ಹೇಳಿದ ಮೇಲೆ ಅವರಿಗೇ ಗಾಬರಿಯಾಗಿ, “ಇದನ್ನ ಬರೀಬ್ಯಾಡಮ್ಮ. ಪಿಂಚಣಿ ನಿಲ್ಲಿಸಿಬಿಟ್ಟಾರು. ನಾನು ಹೋದ ಮೇಲೆ ಬೇಕಾದ್ರೆ ಬರಿ” ಅಂದರು.

“ಎಲ್ಲಿಗೆ ಹೋದ ಮೇಲೆ ಅಂತ ಸರಿಯಾಗಿ ಹೇಳ್ರಿ” ಅಂದೆ.

ಜೋರಾಗಿ ನಕ್ಕುಬಿಟ್ಟರು. “ಮೇಲಕ್ಕೆ! ಪಕ್ಕಾ ಸುದ್ದಿ ಬಂದ ಮೇಲೆ. ಅಲ್ಲೀತನಕ ಅರ್ಧ ಹಾಳೆ ಜಾಗ ಬಿಟ್ಟಿರು.”

ಆ ವಿಷಯ ಇಲ್ಲೂ ಬರೆಯಲ್ಲ. ಈ ಪುಸ್ತಕ ಅವ್ವನ ಕೈಗೆ ಸಿಕ್ಕರೆ ಭೀಮಕ್ಕನಿಗೆ ಹೋಗುತ್ತೆ, ಭೀಮಕ್ಕನಿಗೆ ಹೋದರೆ ತಾಲ್ಲೂಕಿಗೇ ಹೋಗುತ್ತೆ.


ಸೆಪ್ಟೆಂಬರ್ 3, ಬುಧವಾರ

ಎತ್ತಿನ ರೈತರು ಸಿಕ್ಕರು. ನಿಜವಂತೆ. ಆದರೆ ಐದು ಜನ ಅಲ್ಲ, ಮೂರು ಜನ. ಮಾರಪ್ಪನವರಿಗೆ ಫೋನ್ ಮಾಡಿ ಕೇಳಿದೆ. “ಮೂರೇ ಇರಬೋದು. ಹೇಳ್ತಾ ಹೇಳ್ತಾ ಇಬ್ಬರು ಸೇರಿಕೊಂಡಾರೆ” ಅಂದರು. ಮೂರು ಅಂತ ಬರೆದೆ.

ಇವತ್ತಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಕೊನೇ ಸಲ ಎತ್ತಿದ ಕೂಡಲೇ, “ಬದುಕಿದೀನಿ, ಮುಂದಕ್ಕೆ ಕೇಳು” ಅಂದರು.


ಸೆಪ್ಟೆಂಬರ್ 6, ಶನಿವಾರ

ಸಹಿ ಮಾಡಿದ ಕಾಗದ ತೋರಿಸಿದ ಮೇಲೆ ಸಾರ್ ಪತ್ರಿಕೆಗೆ ಒಪ್ಪಿದ್ದಾರೆ. ತಿದ್ದುಪಡಿ ಮೂಲೆಯಲ್ಲಿ ಸಣ್ಣದಾಗಿ ಹಾಕಿ ಅಂದರು. ನಾನು ಆಗಲ್ಲ ಸಾರ್ ಅಂದೆ. ತಪ್ಪು ಹಾಳೆ ತುಂಬ ಹಾಕಿದ್ದೆ, ತಿದ್ದುಪಡಿಯನ್ನೂ ಹಾಳೆಯ ಮೇಲ್ಗಡೆಯೇ ಹಾಕಬೇಕು ಅಂದೆ. ಸಾರ್ ಮೇಡಂ ಮುಖ ನೋಡಿದರು. ಮೇಡಂ ಕಿಟಕಿ ನೋಡಿದರು.

‘ತಿದ್ದುಪಡಿ: ಮಾರಪ್ಪನವರು ತೀರಿಕೊಂಡಿಲ್ಲ. ನ್ಯಾಮತಿಯಲ್ಲಿದ್ದಾರೆ. ವಿಚಾರಿಸದೆ ಬರೆದದ್ದು ನಮ್ಮ ತಪ್ಪು. ಅವರ ಮನೆಯವರ ಕ್ಷಮೆ ಕೇಳುತ್ತೇವೆ.’ ತಿಪ್ಪೇಶ ದುಂಡಗೆ ಬರೆದ. ಅದರ ಕೆಳಗೆ ಮಾರಪ್ಪನವರ ಕಥೆ, ನಡುವೆ ಆ ಫೋಟೋ.

ಮೇಡಂ ಪೂರ್ತಿ ಓದಿದರು. “ನಿನ್ನ ಹೆಸರೇ ಇಲ್ಲವಲ್ಲೇ?”

“ಜಾಗ ಸಾಲಲಿಲ್ಲ ಮೇಡಂ.”

“ಕೆಳಗೆ ಅರ್ಧ ಹಾಳೆ ಖಾಲಿ ಐತಲ್ಲ!”

“ಅದು ಅವರದ್ದು ಮೇಡಂ.”

ಮೇಡಂ ತಾವೇ ಪೆನ್ಸಿಲ್ಲಿನಲ್ಲಿ ಅಂಚಿಗೆ ನನ್ನ ಹೆಸರು ಸಣ್ಣದಾಗಿ ಬರೆದರು.


ಸೆಪ್ಟೆಂಬರ್ 8, ಸೋಮವಾರ

ಮಾರಪ್ಪನವರು ಬಂದಿದ್ದರು. ಅಳಿಯನ ಬೈಕಿನಲ್ಲಿ ಹೊನ್ನಾಳಿವರೆಗೆ, ಅಲ್ಲಿಂದ ಸುಚಿತ್ರಕ್ಕನ ಜೊತೆ ಬಸ್ಸಿಗೆ. ಗೇಟಿನಲ್ಲಿ ಕಲ್ಲಮ್ಮ ಟೀ ಕೊಟ್ಟು, ಮತ್ತೆ ಅತ್ತರು. ಯಾಕೆ ಅಂತ ಕೇಳಿದೆ, ಸಂತೋಷಕ್ಕೆ ಅಂತ ಖಚಿತ ಮಾಡಿಕೊಂಡೆ.

ಕಾರಿಡಾರಿನಲ್ಲಿ ಜನ ಜಾಗ ಬಿಟ್ಟರು. ಕೆಲವರು ಅವರನ್ನು ಮುಟ್ಟಿ ನೋಡಿದರು. ಪ್ರಿನ್ಸಿಪಾಲ್ ಸಾರ್ ಆಫೀಸಿನಿಂದ ಹೊರಗೆ ಬಂದು ಕೈ ಮುಗಿದರು. ಮುಖ ಬೆವೆತಿತ್ತು. “ಹೆಂಗಿದೀರಿ ಮಾರಪ್ಪ, ಆರೋಗ್ಯ?”

ಸುತ್ತ ಇನ್ನೂರು ಜನ, ಎಲ್ಲರೂ ಆವತ್ತಿನ ಭಾಷಣ ಕೇಳಿದವರೇ.

ಮಾರಪ್ಪನವರು ಸಾರ್ ಕೈ ಎರಡೂ ಹಿಡಿದುಕೊಂಡರು. “ನೀವು ಆಸ್ಪತ್ರೆಗೆ ಬಂದು ಹೋದ ಮೇಲೆ ಸುಧಾರಿಸಿತು ನೋಡ್ರಿ ಸಾರ್.”

ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೆ ನಗು. ಸಾರ್ ಮೊದಲು ಕೆಂಪಾದರು, ಆಮೇಲೆ ತಡೆಯೋಕಾಗದೇ ತಾವೂ ನಕ್ಕುಬಿಟ್ಟರು. “ತಪ್ಪಾತು ಮಾರಪ್ಪ” ಅಂದರು, ಮೆಲ್ಲಗೆ, ಆದರೆ ನನಗೆ ಕೇಳಿಸಿತು. ಈ ಮಾತು ಬರೀಬೇಕಾ ಬೇಡವಾ ಅಂತ ಇಬ್ಬರನ್ನೂ ಕೇಳಬೇಕು.

ಆಮೇಲೆ ಬೋರ್ಡಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಕನ್ನಡಕ ಹಾಕಿಕೊಂಡು, ಬೆರಳು ಇಟ್ಟು, ಒಂದೊಂದೇ ಸಾಲು ಓದಿದರು. ಜೇಬಿನಲ್ಲಿ ಕೆಂಪು ಪೆನ್ನು ಕಾಣುತ್ತಿತ್ತು. ಹೊರಗೆ ತೆಗೆಯಲಿಲ್ಲ.

ಸಾರ್ ನನ್ನ ಕಡೆ ತಿರುಗಿದರು. “ಇದೇನಮ್ಮ, ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟೀಯಾ?”

“ಆ ಸುದ್ದಿ ಇನ್ನೂ ಆಗಿಲ್ಲ ಸಾರ್” ಅಂದೆ.

ಮಾರಪ್ಪನವರು ಕುರ್ಚಿಯಿಂದ ಎದ್ದು, ಗಾಜಿನ ಮೇಲೆ ಕೈ ಇಟ್ಟು, ಆ ಖಾಲಿ ಜಾಗವನ್ನು ಗೇಣು ಹಾಕಿ ಅಳೆದರು. ಎರಡು ಗೇಣು, ನಾಲ್ಕು ಬೆರಳು. ತಲೆ ಅಲ್ಲಾಡಿಸಿದರು.

“ಸಾಕಾಗಲ್ಲ ಕಣಮ್ಮ. ಇನ್ನೊಂದು ಹಾಳೆ ಅಂಟಿಸು. ನನ್ನ ಹತ್ರ ಇನ್ನೂ ಸುದ್ದಿ ಅವೆ.”